ಉಪಗ್ರಹ ಚಿತ್ರದಿಂದ ಜಮೀನಿನ ವರ್ಗ ನಿರ್ಣಯ: ವಿಭೇದಕ ವಿಶ್ಲೇಷಣೆಯ ವಿಧಾನ ಹಾಗೂ ಅರಣ್ಯ ಹಕ್ಕು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ಪಟ್ಟಣಗಳ ನಡುವೆ ಇರುವ ಅಮದಳ್ಳಿ ಹಾಗೂ ಅದರ ಸುತ್ತಲಿನ ಕರಾವಳಿ ಗ್ರಾಮಗಳಲ್ಲಿ ಗದ್ದೆ, ತೋಟ, ಮನೆ ಮತ್ತು ಅರಣ್ಯ ಒಂದಕ್ಕೊಂದು ಹೊಂದಿಕೊಂಡೇ ಇವೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಗುಡ್ಡಗಳಿರುವ ಈ ಕಿರಿದಾದ ಪಟ್ಟಿಯಲ್ಲಿ ಸಾಗುವಳಿ ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಸ್ಥಳದಲ್ಲಿ ನಿಂತು ಹೇಳುವುದೂ ಕೆಲವೊಮ್ಮೆ ಸುಲಭವಲ್ಲ.

ಅನುಸೂಚಿತ ಬುಡಕಟ್ಟುಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಅಧಿನಿಯಮ, 2006ರ ಅಡಿಯಲ್ಲಿ ಸಲ್ಲಿಸಲಾಗುವ ಅರ್ಜಿಗಳ ಪರಿಶೀಲನೆಯಲ್ಲಿ ಉಪಗ್ರಹ ಚಿತ್ರಗಳನ್ನೂ ಒಂದು ಸಾಕ್ಷ್ಯವಾಗಿ ಪರಿಗಣಿಸಲು ಅವಕಾಶವಿದೆ. ಇಂತಹ ಚಿತ್ರಗಳಿಂದ ಸಿದ್ಧಪಡಿಸಿದ ನಕ್ಷೆಯಲ್ಲಿ ಒಂದು ಜಮೀನನ್ನು ‘ಅರಣ್ಯ’ ಎಂದೋ ‘ಸಾಗುವಳಿ’ ಎಂದೋ ಗುರುತಿಸುವುದು ಬಹುತೇಕ ಸಂದರ್ಭಗಳಲ್ಲಿ ಸಂಖ್ಯಾಶಾಸ್ತ್ರದ ಒಂದು ಸೂತ್ರವೇ ಹೊರತು ಆ ಜಮೀನನ್ನು ಕಣ್ಣಾರೆ ಕಂಡ ವ್ಯಕ್ತಿಯಲ್ಲ. ಆ ಸೂತ್ರ ಕೆಲಸ ಮಾಡುವ ಬಗೆ, ಅದು ತಪ್ಪುವ ಸಂದರ್ಭಗಳು ಮತ್ತು ಅದಕ್ಕೆ ಕಾನೂನಿನಲ್ಲಿರುವ ಸ್ಥಾನದ ಕುರಿತು ಅರ್ಜಿದಾರರಿಗೆ ತಿಳಿವಳಿಕೆ ನೀಡುವುದು ಈ ಪುಟದ ಉದ್ದೇಶವಾಗಿದೆ.

2. ವಿಭೇದಕ ವಿಶ್ಲೇಷಣೆ ಎಂದರೇನು?

ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಎಂದು ಕರೆಯಲಾಗುವ ವಿಭೇದಕ ವಿಶ್ಲೇಷಣೆಯು ಒಂದು ವಸ್ತು ಅಥವಾ ವ್ಯಕ್ತಿ ಯಾವ ಗುಂಪಿಗೆ ಸೇರಬಹುದು ಎಂಬುದನ್ನು ಅಳತೆಗಳ ಆಧಾರದ ಮೇಲೆ ಊಹಿಸುವ ಸಂಖ್ಯಾಶಾಸ್ತ್ರೀಯ ವಿಧಾನವಾಗಿದೆ. ಇದರಲ್ಲಿ ಮೂರು ಹಂತಗಳಿವೆ.

(ಅ) ಯಾವ ಗುಂಪಿಗೆ ಸೇರಿವೆ ಎಂದು ಮೊದಲೇ ಖಚಿತವಾಗಿ ತಿಳಿದಿರುವ ಕೆಲವು ಮಾದರಿಗಳನ್ನು ಸಂಗ್ರಹಿಸಿ ಅವುಗಳ ಅಳತೆಗಳನ್ನು ದಾಖಲಿಸಲಾಗುತ್ತದೆ. ಇವನ್ನು ತರಬೇತಿ ಮಾದರಿಗಳು ಎನ್ನುತ್ತಾರೆ.

(ಆ) ಗುಂಪುಗಳನ್ನು ಆದಷ್ಟು ಸ್ಪಷ್ಟವಾಗಿ ಬೇರ್ಪಡಿಸುವಂತೆ ಪ್ರತಿಯೊಂದು ಅಳತೆಗೂ ಸೂಕ್ತವಾದ ತೂಕವನ್ನು ನೀಡಿ ಒಂದು ಅಂಕವನ್ನು ಲೆಕ್ಕಹಾಕುವ ಸೂತ್ರವನ್ನು ರಚಿಸಲಾಗುತ್ತದೆ.

(ಇ) ಗುಂಪು ತಿಳಿಯದ ಹೊಸ ವಸ್ತುವಿನ ಅಳತೆಗಳನ್ನು ಅದೇ ಸೂತ್ರಕ್ಕೆ ಅಳವಡಿಸಿ, ದೊರೆತ ಅಂಕಕ್ಕೆ ಅನುಗುಣವಾಗಿ ಅದನ್ನು ಒಂದು ಗುಂಪಿಗೆ ಸೇರಿಸಲಾಗುತ್ತದೆ.

ಮೂರನೆಯ ಹಂತದಲ್ಲಿ ದೊರೆಯುವುದು ಒಂದು ಅಂದಾಜು ಮಾತ್ರ ಎಂಬುದನ್ನು ಗಮನಿಸುವುದು ಅಗತ್ಯ. ಪ್ರತಿಯೊಂದು ಅಂದಾಜಿಗೂ ತಪ್ಪುವ ಸಾಧ್ಯತೆ ಇದ್ದೇ ಇರುತ್ತದೆ.

3. ವಿಧಾನದ ಹಿನ್ನೆಲೆ

ಈ ವಿಧಾನವನ್ನು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅವರು 1936ರಲ್ಲಿ ಮಂಡಿಸಿದರು. ಐರಿಸ್ ಎಂಬ ಹೂವಿನ ಮೂರು ಪ್ರಭೇದಗಳಿಗೆ ಸೇರಿದ ತಲಾ 50ರಂತೆ ಒಟ್ಟು 150 ಹೂಗಳ ಎಸಳು ಹಾಗೂ ಪುಷ್ಪಪತ್ರಗಳ ಉದ್ದ ಮತ್ತು ಅಗಲಗಳನ್ನು ಅವರು ಉದಾಹರಣೆಯಾಗಿ ಬಳಸಿದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ಥಾಪಕರಾದ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಅದೇ ವರ್ಷ ಎರಡು ಗುಂಪುಗಳ ನಡುವಣ ಅಂತರವನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ‘ಮಹಲನೋಬಿಸ್ ಅಂತರ’ ಎಂಬ ಹೆಸರಿನ ಈ ಅಳತೆಯು ಇಂದಿಗೂ ಬಳಕೆಯಲ್ಲಿದೆ.

ಈ ವಿಧಾನವನ್ನು ಎರಡಕ್ಕಿಂತ ಹೆಚ್ಚು ಗುಂಪುಗಳಿಗೆ ವಿಸ್ತರಿಸಿದ ಕೀರ್ತಿ ಡಾ. ಸಿ. ಆರ್. ರಾವ್ ಅವರಿಗೆ ಸಲ್ಲುತ್ತದೆ. ಅವರು 1920ರ ಸೆಪ್ಟೆಂಬರ್ 10ರಂದು, ಇಂದಿನ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿಯಲ್ಲಿ ಜನಿಸಿದರು. ಅವರು ಈ ಕುರಿತು 1948ರಲ್ಲಿ ಪ್ರಕಟಿಸಿದ ಪ್ರಬಂಧವು ಜೀವಿಗಳ ವರ್ಗೀಕರಣದಲ್ಲಿ ಬಹು ಅಳತೆಗಳ ಬಳಕೆಗೆ ಸಂಬಂಧಿಸಿದ್ದಾಗಿದೆ. ಪದ್ಮವಿಭೂಷಣ ಪುರಸ್ಕೃತರಾದ ಶ್ರೀಯುತರು 2023ರ ಆಗಸ್ಟ್‌ನಲ್ಲಿ ನಿಧನರಾದರು. ಅರಣ್ಯ, ಗದ್ದೆ, ತೋಟ, ನೀರು, ವಸತಿ ಎಂದು ಅನೇಕ ವರ್ಗಗಳಾಗಿ ನಕ್ಷೆಯನ್ನು ವಿಂಗಡಿಸುವ ಕಾರ್ಯಕ್ಕೆ ಇಂತಹ ಬಹುಗುಂಪು ವಿಧಾನವೇ ಬೇಕಾಗುತ್ತದೆ.

4. ಉಪಗ್ರಹ ಚಿತ್ರದಲ್ಲಿ ಇದರ ಬಳಕೆ

ಉಪಗ್ರಹ ಚಿತ್ರವು ಸಣ್ಣ ಸಣ್ಣ ಚೌಕಗಳಿಂದ ಕೂಡಿರುತ್ತದೆ. ಒಂದು ಚೌಕಕ್ಕೆ ಚಿತ್ರಕಣ ಅಥವಾ ಪಿಕ್ಸೆಲ್ ಎಂದು ಹೆಸರು. ಪ್ರತಿ ಚಿತ್ರಕಣದಿಂದ ಹಸಿರು, ಕೆಂಪು, ಅವಕೆಂಪು ಮುಂತಾದ ಬೆಳಕಿನ ಪಟ್ಟಿಗಳಲ್ಲಿ ಎಷ್ಟು ಬೆಳಕು ಪ್ರತಿಫಲಿಸಿತು ಎಂಬುದು ಸಂಖ್ಯೆಗಳ ರೂಪದಲ್ಲಿ ದಾಖಲಾಗುತ್ತದೆ. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಬರಿಯ ಮಣ್ಣಿನಲ್ಲಿ ಈ ಎರಡರ ನಡುವಣ ವ್ಯತ್ಯಾಸ ಕಡಿಮೆ ಇರುತ್ತದೆ. ಈ ಸಂಖ್ಯೆಗಳೇ ವಿಭೇದಕ ವಿಶ್ಲೇಷಣೆಗೆ ಬೇಕಾದ ಅಳತೆಗಳು.

ನಕ್ಷೆ ತಯಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಗರಿಷ್ಠ ಸಂಭಾವ್ಯತಾ ವರ್ಗೀಕರಣ’ವು ವಿಭೇದಕ ವಿಶ್ಲೇಷಣೆಯ ಒಂದು ರೂಪವಾಗಿದೆ. ಇದರಲ್ಲಿ ಪ್ರತಿ ವರ್ಗದ ಸರಾಸರಿಯನ್ನಲ್ಲದೆ, ಆ ವರ್ಗದೊಳಗಿನ ಏರುಪೇರನ್ನೂ ಪ್ರತ್ಯೇಕವಾಗಿ ಪರಿಗಣಿಸಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಉತ್ತರ ಕನ್ನಡ ಜಿಲ್ಲೆಯಲ್ಲಿ 1973ರಿಂದೀಚೆಗೆ ಆದ ಭೂಬಳಕೆಯ ಬದಲಾವಣೆಯನ್ನು ಅಧ್ಯಯನ ಮಾಡಲು ಇದೇ ವಿಧಾನವನ್ನು ಅನುಸರಿಸಿದ್ದಾರೆ. ಇಡೀ ಜಿಲ್ಲೆಯಲ್ಲಿ ಅರಣ್ಯವು ಹೆಚ್ಚಿತೇ, ಕಡಿಮೆಯಾಯಿತೇ ಎಂದು ತಿಳಿಯಲು ಇದು ಉಪಯುಕ್ತ ಸಾಧನವಾಗಿದೆ. ಆದರೆ ಒಂದು ಕುಟುಂಬದ ಹತ್ತು ಗುಂಟೆ ಜಮೀನಿನ ಬಗ್ಗೆ ತೀರ್ಮಾನಿಸುವುದು ಬೇರೆಯೇ ಪ್ರಶ್ನೆ.

5. ಸರಳ ಲೆಕ್ಕದ ಮೂಲಕ ವಿವರಣೆ

ಕೆಳಗಿನ ಸಂಖ್ಯೆಗಳನ್ನು ವಿಧಾನವನ್ನು ವಿವರಿಸುವುದಕ್ಕಾಗಿ ಮಾತ್ರ ಕಲ್ಪಿಸಿಕೊಳ್ಳಲಾಗಿದೆ. ಇವು ಯಾವುದೇ ಗ್ರಾಮದ ಅಳತೆಗಳಲ್ಲ.

ಅರಣ್ಯದ ತರಬೇತಿ ಮಾದರಿಗಳಲ್ಲಿ ಸರಾಸರಿ ಅವಕೆಂಪು ಪ್ರತಿಫಲನ ಶೇ. 30, ಕೆಂಪು ಪ್ರತಿಫಲನ ಶೇ. 3 ಇದೆ ಎಂದು ಭಾವಿಸೋಣ. ಕಟಾವು ಮುಗಿದ ಗದ್ದೆಯ ಮಾದರಿಗಳಲ್ಲಿ ಇವು ಕ್ರಮವಾಗಿ ಶೇ. 22 ಮತ್ತು ಶೇ. 11 ಇರಲಿ. ಎರಡೂ ಗುಂಪುಗಳಲ್ಲಿ ಅವಕೆಂಪಿನ ಮಾನಕ ವಿಚಲನೆ 4, ಕೆಂಪಿನ ಮಾನಕ ವಿಚಲನೆ 2 ಇದ್ದು, ಈ ಎರಡು ಅಳತೆಗಳ ನಡುವೆ ಸಹಸಂಬಂಧ ಇಲ್ಲವೆಂದು ಇಟ್ಟುಕೊಳ್ಳೋಣ.

ಪ್ರತಿ ಅಳತೆಯ ತೂಕ = ಎರಡು ಸರಾಸರಿಗಳ ವ್ಯತ್ಯಾಸ ÷ ಮಾನಕ ವಿಚಲನೆಯ ವರ್ಗ

ಅವಕೆಂಪಿನ ತೂಕ: (30 − 22) ÷ 16 = 0.5
ಕೆಂಪಿನ ತೂಕ: (3 − 11) ÷ 4 = −2
ಅಂಕ = 0.5 × ಅವಕೆಂಪು − 2 × ಕೆಂಪು

ಇದರಂತೆ ಅರಣ್ಯದ ಸರಾಸರಿ ಅಂಕ 9, ಗದ್ದೆಯ ಸರಾಸರಿ ಅಂಕ −11 ಆಗುತ್ತದೆ. ಇವೆರಡರ ನಡುಬಿಂದು −1. ಅಂಕವು −1ಕ್ಕಿಂತ ಹೆಚ್ಚಾದರೆ ಅರಣ್ಯ, ಕಡಿಮೆಯಾದರೆ ಗದ್ದೆ ಎಂಬುದು ಸೂತ್ರದ ತೀರ್ಮಾನ. ಅವಕೆಂಪು 28, ಕೆಂಪು 6 ಇರುವ ಹೊಸ ಚಿತ್ರಕಣದ ಅಂಕ 14 − 12 = 2. ಆದ್ದರಿಂದ ಅದು ‘ಅರಣ್ಯ’. ಎರಡು ಗುಂಪುಗಳ ನಡುವಣ ಮಹಲನೋಬಿಸ್ ಅಂತರದ ವರ್ಗ ಇಲ್ಲಿ 20. ಅಳತೆಗಳು ಸಹಜ ವಿತರಣೆಯನ್ನು ಅನುಸರಿಸುವುದಾದರೆ ತಪ್ಪುವ ಪ್ರಮಾಣ ಸುಮಾರು ಶೇ. 1.3 ಮಾತ್ರ.

ಇಷ್ಟು ಕಡಿಮೆ ತಪ್ಪು ಸಂಭವಿಸುವುದು ಎರಡೇ ಗುಂಪುಗಳಿದ್ದು, ಪ್ರತಿ ಚಿತ್ರಕಣವೂ ಅವುಗಳಲ್ಲಿ ಒಂದಕ್ಕೆ ಪೂರ್ಣವಾಗಿ ಸೇರಿದ್ದಾಗ ಮಾತ್ರ. ಈಗ ಒಂದು ತೆಂಗಿನ ತೋಟವನ್ನು ತೆಗೆದುಕೊಳ್ಳೋಣ. ಅದರ ಅವಕೆಂಪು 29, ಕೆಂಪು 4 ಇದ್ದರೆ ಅಂಕ 14.5 − 8 = 6.5. ಸೂತ್ರವು ಅದನ್ನು ನಿಸ್ಸಂಶಯವಾಗಿ ‘ಅರಣ್ಯ’ ಎನ್ನುತ್ತದೆ. ತರಬೇತಿ ಮಾದರಿಗಳಲ್ಲಿ ತೋಟ ಎಂಬ ವರ್ಗವೇ ಇರಲಿಲ್ಲ. ತನಗೆ ತಿಳಿಸದ ವರ್ಗವನ್ನು ಸೂತ್ರವು ಗುರುತಿಸಲಾರದು. ‘ಗೊತ್ತಿಲ್ಲ’ ಎಂದೂ ಅದು ತಾನಾಗಿ ಹೇಳುವುದಿಲ್ಲ. ತಿಳಿದಿರುವ ವರ್ಗಗಳಲ್ಲಿ ಹತ್ತಿರದ್ದಕ್ಕೆ ಸೇರಿಸಿಬಿಡುತ್ತದೆ.

ಇನ್ನೊಂದು ಅಂಶವೂ ಇದೆ. ಪ್ರದೇಶದ ಹತ್ತರಲ್ಲಿ ಒಂಬತ್ತು ಭಾಗ ಅರಣ್ಯವೆಂದು ಮೊದಲೇ ಊಹಿಸಿ ಲೆಕ್ಕಹಾಕಿದಲ್ಲಿ, ಗಡಿ ಅಂಕವು −1ರಿಂದ ಸುಮಾರು −3.2ಕ್ಕೆ ಸರಿಯುತ್ತದೆ. ಆಗ ಅಂಕ −2 ಇರುವ ಚಿತ್ರಕಣವು, ಅಳತೆ ಬದಲಾಗದಿದ್ದರೂ, ಗದ್ದೆಯಿಂದ ಅರಣ್ಯಕ್ಕೆ ಬದಲಾಗುತ್ತದೆ. ಇದನ್ನು ಪೂರ್ವ ಸಂಭವನೀಯತೆಯ ಪರಿಣಾಮ ಎನ್ನುತ್ತಾರೆ.

6. ಕರಾವಳಿ ಗ್ರಾಮಗಳಲ್ಲಿ ತಪ್ಪು ಸಂಭವಿಸುವ ಕಾರಣಗಳು

(ಅ) ಹಿಡುವಳಿಯ ಗಾತ್ರ: ಲ್ಯಾಂಡ್‌ಸ್ಯಾಟ್ ಚಿತ್ರದ 30 ಮೀಟರ್ ಚಿತ್ರಕಣವೊಂದು 900 ಚದರ ಮೀಟರ್, ಅಂದರೆ ಸುಮಾರು 9 ಗುಂಟೆಯನ್ನು ಆವರಿಸುತ್ತದೆ. ಭಾರತದ ಲಿಸ್-3 ಸಾಧನದ 23.5 ಮೀಟರ್ ಚಿತ್ರಕಣವು ಸುಮಾರು 5.5 ಗುಂಟೆಯಷ್ಟು ಇರುತ್ತದೆ. ಹತ್ತು ಗುಂಟೆಯ ಜಮೀನಿಗೆ ಒಂದೆರಡು ಚಿತ್ರಕಣಗಳು ದೊರೆತರೆ ಹೆಚ್ಚು. ಅವೂ ಗಡಿಯಾಚೆಯ ಮರಗಳನ್ನು ಒಳಗೊಂಡಿರಬಹುದು.

(ಆ) ಮರಗಳ ನೆರಳು: ತೆಂಗು, ಹಲಸು, ಮಾವು, ಗೇರು ಮರಗಳ ಕೆಳಗೆ ಇರುವ ಮನೆ, ಬಾವಿ, ಕಲ್ಲಿನ ಪಾಗಾರ ಮತ್ತು ತರಕಾರಿ ಮಡಿಗಳು ಮೇಲಿನಿಂದ ಕಾಣುವುದಿಲ್ಲ. ಚಿತ್ರದಲ್ಲಿ ದಾಖಲಾಗುವುದು ಮರದ ಮೇಲ್ಭಾಗ ಮಾತ್ರ.

(ಇ) ಋತು: ಮಳೆಗಾಲದಲ್ಲಿ ಭತ್ತದ ಗದ್ದೆ ಹಸಿರಾಗಿರುವಾಗ ಕರಾವಳಿಯ ಆಕಾಶವು ಮೋಡದಿಂದ ಮುಚ್ಚಿರುತ್ತದೆ. ಆದ್ದರಿಂದ ಸ್ಪಷ್ಟ ಚಿತ್ರಗಳು ಸಾಮಾನ್ಯವಾಗಿ ಮಳೆಗಾಲ ಮುಗಿದ ನಂತರ ದೊರೆಯುತ್ತವೆ. ಬೇಸಿಗೆಯ ಚಿತ್ರದಲ್ಲಿ ಎಲೆ ಉದುರಿದ ಕಾಡು ತೆರವಾದ ಜಮೀನಿನಂತೆಯೂ, ನೀರುಣಿಸಿದ ತೋಟ ಕಾಡಿನಂತೆಯೂ ತೋರಬಹುದು.

(ಈ) ನೆಡುತೋಪು: ಅಕೇಶಿಯಾ ಮುಂತಾದ ನೆಡುತೋಪುಗಳು, ಗೇರು ತೋಟ ಮತ್ತು ಸ್ವಾಭಾವಿಕ ಅರಣ್ಯದ ಪ್ರತಿಫಲನ ಒಂದಕ್ಕೊಂದು ಸಮೀಪವಿರಬಹುದು.

7. ನಕ್ಷೆಯ ನಿಖರತೆಯನ್ನು ಓದುವ ಕ್ರಮ

ನಕ್ಷೆಯೊಂದಿಗೆ ಸಾಮಾನ್ಯವಾಗಿ ‘ಒಟ್ಟು ನಿಖರತೆ’ ಎಂಬ ಒಂದೇ ಸಂಖ್ಯೆಯನ್ನು ನೀಡಲಾಗುತ್ತದೆ. ಇದೊಂದೇ ಸಾಲದು. ಉದಾಹರಣೆಗೆ, ಸ್ಥಳಕ್ಕೆ ಹೋಗಿ ಪರೀಕ್ಷಿಸಿದ 100 ಅರಣ್ಯ ಬಿಂದುಗಳಲ್ಲಿ 94 ಸರಿಯಾಗಿಯೂ, 100 ಸಾಗುವಳಿ ಬಿಂದುಗಳಲ್ಲಿ 80 ಸರಿಯಾಗಿಯೂ ಗುರುತಾಗಿದ್ದರೆ ಒಟ್ಟು ನಿಖರತೆ ಶೇ. 87. ಆದರೆ ಸಾಗುವಳಿ ಬಿಂದುಗಳಲ್ಲಿ ಐದರಲ್ಲಿ ಒಂದು ಅರಣ್ಯವೆಂದು ತಪ್ಪಾಗಿ ನಮೂದಾಗಿದೆ.

ಇದೇ ಸೂತ್ರವನ್ನು 900 ಅರಣ್ಯ ಬಿಂದು ಮತ್ತು 100 ಸಾಗುವಳಿ ಬಿಂದುಗಳಿರುವ ಪ್ರದೇಶಕ್ಕೆ ಅನ್ವಯಿಸಿದರೆ 846 ಮತ್ತು 80 ಸೇರಿ 926 ಬಿಂದುಗಳು ಸರಿಯಾಗುತ್ತವೆ. ಒಟ್ಟು ನಿಖರತೆ ಶೇ. 92.6ಕ್ಕೆ ಏರುತ್ತದೆ. ತಪ್ಪಾಗಿ ಅರಣ್ಯವೆನಿಸಿದ 20 ಸಾಗುವಳಿ ಬಿಂದುಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಆ 20ರಲ್ಲಿ ಒಂದು ತನ್ನ ಜಮೀನಾಗಿರುವ ಕುಟುಂಬಕ್ಕೆ ಒಟ್ಟು ನಿಖರತೆಯಿಂದ ಯಾವ ಪ್ರಯೋಜನವೂ ಇಲ್ಲ. ಆದುದರಿಂದ ಪ್ರತಿ ವರ್ಗದ ನಿಖರತೆಯನ್ನು ಪ್ರತ್ಯೇಕವಾಗಿ ಕೇಳಿ ತಿಳಿಯುವುದು ಸೂಕ್ತ. ಇದಕ್ಕೆ ವಿರುದ್ಧವಾದ ತಪ್ಪು, ಅಂದರೆ ಅರಣ್ಯವನ್ನು ಸಾಗುವಳಿಯೆಂದು ನಮೂದಿಸುವುದು, ಅರಣ್ಯ ಸಂರಕ್ಷಣೆಗೆ ಧಕ್ಕೆ ತರುತ್ತದೆ. ಎರಡೂ ತಪ್ಪುಗಳನ್ನು ಸ್ಥಳ ಪರಿಶೀಲನೆಯಿಂದಲೇ ಸರಿಪಡಿಸಬೇಕಾಗುತ್ತದೆ.

8. ಕಾನೂನಿನಲ್ಲಿ ಉಪಗ್ರಹ ಚಿತ್ರದ ಸ್ಥಾನ

ಅಧಿನಿಯಮವು 2007ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಜಮೀನು 2005ರ ಡಿಸೆಂಬರ್ 13ಕ್ಕೆ ಮೊದಲು ಅನುಭೋಗದಲ್ಲಿ ಇದ್ದಿರಬೇಕು. ಮಾನ್ಯ ಮಾಡಬಹುದಾದ ಗರಿಷ್ಠ ವಿಸ್ತೀರ್ಣ 4 ಹೆಕ್ಟೇರ್. ಅನುಸೂಚಿತ ಬುಡಕಟ್ಟುಗಳಿಗೆ ಸೇರದ ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ. 75 ವರ್ಷಗಳ ಲೆಕ್ಕವು 1930ಕ್ಕೆ ಹೋಗುತ್ತದೆ. ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ 1972ರಲ್ಲಿಯೂ, ಭಾರತದ ಐಆರ್‌ಎಸ್-1ಎ 1988ರಲ್ಲಿಯೂ ಉಡಾವಣೆಗೊಂಡವು. ಹೀಗಾಗಿ 1930ರ ವಾಸವನ್ನು ಯಾವ ಉಪಗ್ರಹ ಚಿತ್ರವೂ ಸಾಬೀತುಪಡಿಸಲಾರದು, ಅಲ್ಲಗಳೆಯಲೂ ಆಗದು.

2012ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿನ 12ಎ ನಿಯಮದ ಪ್ರಕಾರ ಉಪಗ್ರಹ ಚಿತ್ರ ಹಾಗೂ ಇತರ ತಂತ್ರಜ್ಞಾನವು ಉಳಿದ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳಿಗೆ ಬದಲಿಯಾಗುವಂತಿಲ್ಲ. ದಂಡದ ರಸೀದಿ, ಅತಿಕ್ರಮಣದಾರರ ಪಟ್ಟಿ ಮೊದಲಾದವು ಇಲ್ಲವೆಂಬ ಕಾರಣ ಒಂದರಿಂದಲೇ ಅರ್ಜಿಯನ್ನು ತಿರಸ್ಕರಿಸುವಂತೆಯೂ ಇಲ್ಲ.

ಸರ್ವೋಚ್ಚ ನ್ಯಾಯಾಲಯವು 2019ರ ಫೆಬ್ರವರಿ 13ರಂದು, ತಿರಸ್ಕೃತ ಅರ್ಜಿದಾರರ ತೆರವಿನ ಕುರಿತು ನೀಡಿದ ಆದೇಶದಲ್ಲಿ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಉಪಗ್ರಹ ಸಮೀಕ್ಷೆಯನ್ನೂ ಬಯಸಿತ್ತು. ತೆರವಿನ ಆದೇಶವನ್ನು ಅದೇ ತಿಂಗಳ 28ರಂದು ನ್ಯಾಯಾಲಯವೇ ತಡೆಹಿಡಿದು, ತಿರಸ್ಕಾರದಲ್ಲಿ ಅನುಸರಿಸಿದ ಕಾರ್ಯವಿಧಾನದ ವಿವರವನ್ನು ರಾಜ್ಯಗಳಿಂದ ಕೇಳಿತು.

9. ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳು

(ಅ) ನಿಯಮ 13ರಲ್ಲಿ ತಿಳಿಸಿರುವ ಸಾಕ್ಷ್ಯಗಳ ಪೈಕಿ ಕನಿಷ್ಠ ಎರಡನ್ನು ಸಲ್ಲಿಸುವುದು. ಸರ್ಕಾರಿ ದಾಖಲೆಗಳು, ಗುರುತಿನ ಚೀಟಿಗಳು, ಮನೆ, ಬದು, ಬಾವಿಯಂತಹ ಸ್ಥಳದಲ್ಲಿರುವ ಕುರುಹುಗಳು, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ಇವುಗಳಲ್ಲಿ ಸೇರಿವೆ.

(ಆ) ಅರಣ್ಯ ಹಕ್ಕು ಸಮಿತಿಯು ಸ್ಥಳ ಪರಿಶೀಲನೆಗೆ ಬರುವ ದಿನ ತಪ್ಪದೆ ಹಾಜರಿದ್ದು, ಮರಗಳ ಕೆಳಗಿರುವ ಕಟ್ಟಡ, ಬದು, ಬಾವಿಗಳನ್ನು ವರದಿಯಲ್ಲಿ ದಾಖಲಿಸುವಂತೆ ಕೋರುವುದು.

(ಇ) ಉಪಗ್ರಹ ನಕ್ಷೆಯನ್ನು ಆಧರಿಸಿ ಆಕ್ಷೇಪಣೆ ಬಂದಲ್ಲಿ ಈ ಕೆಳಗಿನ ವಿವರಗಳನ್ನು ಲಿಖಿತವಾಗಿ ಕೇಳುವುದು: ಚಿತ್ರದ ದಿನಾಂಕ, ಚಿತ್ರಕಣದ ಅಳತೆ, ತೋಟವನ್ನು ಪ್ರತ್ಯೇಕ ವರ್ಗವಾಗಿ ಪರಿಗಣಿಸಲಾಗಿದೆಯೇ, ಸಾಗುವಳಿ ವರ್ಗದ ನಿಖರತೆ, ತಮ್ಮ ಜಮೀನಿನಲ್ಲಿ ಸ್ಥಳ ಪರೀಕ್ಷೆ ನಡೆದಿದೆಯೇ.

(ಈ) ಈ ವಿವರಗಳು ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಬಹುದಾಗಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

(ಉ) ಗ್ರಾಮ ಸಭೆಯ ನಿರ್ಣಯದಿಂದ ಬಾಧಿತರಾದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅದರ ತೀರ್ಮಾನದಿಂದ ಬಾಧಿತರಾದವರು 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಸಲ್ಲಿಸಬಹುದು. ತಮ್ಮ ಅಹವಾಲು ಹೇಳಿಕೊಳ್ಳಲು ಸಮಂಜಸ ಅವಕಾಶ ನೀಡದೆ ಬಾಧಿತರಿಗೆ ವಿರುದ್ಧವಾಗಿ ಮೇಲ್ಮನವಿಯನ್ನು ಇತ್ಯರ್ಥಪಡಿಸುವಂತಿಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಕ್ಷೆಯಲ್ಲಿ ನನ್ನ ಜಮೀನು ಅರಣ್ಯವೆಂದು ಕಂಡರೆ ಅರ್ಜಿ ತಿರಸ್ಕೃತವಾಗುವುದೇ?
ಉತ್ತರ: ಅದೊಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಇತರ ಸಾಕ್ಷ್ಯಗಳನ್ನು ಪರಿಶೀಲಿಸಿ, ತೀರ್ಮಾನದ ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು.

ಪ್ರಶ್ನೆ: ನಕ್ಷೆಯಲ್ಲಿ ಸಾಗುವಳಿಯೆಂದು ಕಂಡರೆ ಹಕ್ಕು ಖಚಿತವೇ?
ಉತ್ತರ: ಇಲ್ಲ. ಚಿತ್ರವು ಜಮೀನಿನ ಹೊದಿಕೆಯನ್ನು ತೋರಿಸಬಹುದು. ಸಾಗುವಳಿ ಮಾಡಿದವರು ಯಾರು ಎಂಬುದನ್ನು ತೋರಿಸುವುದಿಲ್ಲ. ಅರ್ಹತೆಯ ಉಳಿದ ಷರತ್ತುಗಳೂ ಪೂರೈಕೆಯಾಗಬೇಕು.

ಪ್ರಶ್ನೆ: ಇತ್ತೀಚಿನ ಸ್ಪಷ್ಟ ಚಿತ್ರವನ್ನು ಸಲ್ಲಿಸಿದರೆ ಸಾಕೇ?
ಉತ್ತರ: ಸಾಲದು. ಪ್ರಶ್ನೆಯಿರುವುದು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ಥಿತಿಯ ಕುರಿತು. ಆ ಅವಧಿಯ ಚಿತ್ರ ಲಭ್ಯವಿದ್ದರೆ ಇತರ ದಾಖಲೆಗಳೊಂದಿಗೆ ಪೂರಕವಾಗಿ ಸಲ್ಲಿಸಬಹುದು.

ಸೂಚನೆ: ಈ ಪುಟದ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಅರ್ಜಿದಾರರು ತಾವು ಸಲ್ಲಿಸುವ ಪ್ರತಿಯೊಂದು ದಾಖಲೆಯ ಪ್ರತಿಯನ್ನು ಮತ್ತು ಸ್ವೀಕೃತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕೆಂದು ಕೋರಲಾಗಿದೆ.